ನಮ್ಮ ಬೋಟು ಎಲ್ಲಿ?

ಇವತ್ತು ಸಂಜೆ ಮಲ್ಪೆ ಬಂದರಿನಲ್ಲಿ ಬಂಗುಡೆ ವಿಂಗಡಿಸುತ್ತಿದ್ದ ಅಕ್ಕನೊಬ್ಬರನ್ನು ಕೇಳಿ ಫೋಟೋ ತೆಗೆದೆ. 50 ಎಂಎಂ ಲೆನ್ಸು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ತೂತು) ಎಫ್ 1.8.

ಮುಖ ಸ್ಪಷ್ಟ. ಮೂಗುತಿಯ ಹೊಳಪೂ ಸಿಕ್ಕಿತು. ಹಿಂದಿನದೆಲ್ಲ ಬರೀ ನೀಲಿ, ಕೆಂಪು, ಹಸಿರು. ಕ್ಯಾಮೆರಾ ಕೊಂಡಾಗ ನಾನು ಆಸೆಪಟ್ಟದ್ದೇ ಇಂಥ ಚಿತ್ರಕ್ಕೆ.

ಅವರು ಸ್ಕ್ರೀನ್ ನೋಡಿ, "ಚಂದ ಉಂಟು ಮಾರಾಯ್ರೆ, ಆದ್ರೆ ನಮ್ಮ ಬೋಟು ಕಾಣುದಿಲ್ವಲ್ಲ?" ಅಂದರು.

ಡಯಲ್ ತಿರುಗಿಸಿ ಎಫ್ 8 ಮಾಡಿದೆ. ನಂಬರ್ ಜಾಸ್ತಿಯಾದಷ್ಟು ಲೆನ್ಸಿನ ತೂತು ಚಿಕ್ಕದು, ತೂತು ಚಿಕ್ಕದಾದಷ್ಟು ಹಿಂದಿನದೂ ಸ್ಪಷ್ಟ. ಕಲಿಯುವಾಗ ಇದು ಉಲ್ಟಾ ಅನ್ನಿಸುತ್ತದೆ. ಆದರೆ ಅದೊಂದು ಭಾಗಾಕಾರ ಅಷ್ಟೆ: 50 ಎಂಎಂ ಲೆನ್ಸಿನಲ್ಲಿ ಎಫ್ 2 ಅಂದರೆ 25 ಮಿಲಿಮೀಟರ್ ಅಗಲದ ತೂತು, ಎಫ್ 8 ಅಂದರೆ 6.25.

ಬೆಳಕು ಸಾಲಲಿಲ್ಲ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದೆ. ಚಿತ್ರ ಸ್ವಲ್ಪ ಕಾಳು ಕಾಳಾಯಿತು. ಇರಲಿ. ಪೂರ್ತಿ ಚೂಪಾಗಿ ಅಲ್ಲದಿದ್ದರೂ ಬೋಟು ಬೋಟಾಗಿ ಕಂಡಿತು. ಮೇಲಿನ ಬಾವುಟ, ರಾಶಿ ಬಿದ್ದ ಬಲೆ, ಐಸ್ ಹೊರುವ ಹುಡುಗ, ಎಲ್ಲ ಬಂತು. ಅಕ್ಕನ ಮುಖವೂ ಅರಳಿತು.

ಹಿನ್ನೆಲೆ ಮಸುಕಾದರೆ ಚೆಂದ, ನಿಜ. ಶಂಕರಪುರ ಮಲ್ಲಿಗೆಯ ಚೆಂಡನ್ನು ನಾನು ಈಗಲೂ ಹಾಗೇ ತೆಗೆಯುತ್ತೇನೆ. ಆದರೆ ಕೆಲಸ ಮಾಡುವ ಮನುಷ್ಯರ ಹಿಂದಿನ ಜಾಗ ಕರಗಿಹೋದರೆ ಅವರು ಯಾವ ಊರಿನವರಾದರೂ ಆಗಬಹುದು, ಅಲ್ವಾ?

ಎಫ್ 8ರದ್ದನ್ನೇ ಪ್ರಿಂಟ್ ಹಾಕಿಸಿ ಅವರಿಗೆ ಕೊಡುತ್ತೇನೆ. ಮುಂದಿನ ಸಲ ಸಂಜೆ ಬೆಳಕಿಗೆ ಎಫ್ 5.6 ನೋಡಬೇಕು, ಎರಡು ಪಟ್ಟು ಬೆಳಕು ಸಿಗುತ್ತದೆ. ಬೋಟು ಅಷ್ಟೇ ಕಂಡೀತಾ? ತೆಗೆದು ನೋಡಿದವರು ಹೇಳಿ.