ಹೂಳು ತೆಗೆದ ಹುಡುಗರು, ಉಳಿಯದ ಮನೆ

ನಾನು ಕಳೆ ಅಂದುಕೊಂಡು ಕಿತ್ತದ್ದು ಡ್ಯಾಫೊಡಿಲ್ ಗೆಡ್ಡೆ. ಹೂವಿಲ್ಲ, ಮೊಗ್ಗಿಲ್ಲ, ಈರುಳ್ಳಿ ದಂಟಿನಂಥ ನಾಲ್ಕು ಎಲೆ, ನನಗೇನು ಗೊತ್ತು? ಅಡುಗೆಮನೆ ಕಿಟಕಿಯಿಂದ ಆ ಮನೆಯ ಅಜ್ಜಿ ಕೂಗಿಕೊಂಡರು. ಹೊರಗೆ ಬಂದವರು ಬೈಯಲಿಲ್ಲ. ಗೆಡ್ಡೆಯನ್ನು ಮತ್ತೆ ಮಣ್ಣಿಗೆ ಒತ್ತಿ, ಒಳಗೆ ಬಾ ಚಹಾ ಕುಡಿ ಎಂದರು.

2018ರ ಜುಲೈ ಅದು. ನಾನು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಓದಲು ಬಂದ ಮೊದಲ ಚಳಿಗಾಲ. (ಹೌದು, ಇಲ್ಲಿ ಜುಲೈನಲ್ಲೇ ನಡುಗಬೇಕು.) ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ‘ಸ್ಟೂಡೆಂಟ್ ವಾಲಂಟಿಯರ್ ಆರ್ಮಿ’ಗೆ ಹೆಸರು ಕೊಟ್ಟಿದ್ದೆ. ಸೈನ್ಯ ಅಂತ ಗಾಬರಿಯಾಗಬೇಡಿ, ಆಯುಧಗಳೆಂದರೆ ಸಲಿಕೆ, ತಳ್ಳುಗಾಡಿ, ಗಂಬೂಟು. ವಯಸ್ಸಾದವರ ಹಿತ್ತಿಲು ಚೊಕ್ಕಟ ಮಾಡುವುದು ಅವತ್ತಿನ ಕೆಲಸ. ಹೊರಡುವ ಮುಂಚೆ ತಂಡದ ಹುಡುಗಿ ಹೇಳಿದ ಒಂದು ಮಾತು ನನಗೆ ವಿಚಿತ್ರ ಅನ್ನಿಸಿತ್ತು: ಚಹಾ ಕೊಟ್ಟರೆ ಬೇಡ ಅನ್ನಬೇಡಿ, ಕೆಲಸ ಉಳಿದರೆ ಉಳಿಯಲಿ. ನಮ್ಮ ಎನ್ನೆಸ್ಸೆಸ್ ಶಿಬಿರದಲ್ಲಿ ಎಷ್ಟು ಮೀಟರ್ ಚರಂಡಿ ಆಯ್ತು ಅನ್ನುವುದೇ ಲೆಕ್ಕ. ಯಾರ ಮನೆಯ ಮುಂದಿನ ಚರಂಡಿ ಅಂತ ಕೇಳಿದ ನೆನಪಿಲ್ಲ.

ಚಹಾದ ಜೊತೆ ಕಥೆ ಬಂತು. 2010ರ ಸೆಪ್ಟೆಂಬರ್ 4ರ ಬೆಳಗಿನ ಜಾವ 7.1 ತೀವ್ರತೆಯ ಭೂಕಂಪವಾದಾಗ ಅಜ್ಜಿ ಇದ್ದದ್ದು ಊರಿನ ಪೂರ್ವಕ್ಕೆ, ಏವನ್ ನದಿಯ ಬಳಿಯ ಡ್ಯಾಲಿಂಗ್ಟನ್‌ನಲ್ಲಿ. ಮನೆ ಬೀಳಲಿಲ್ಲ, ಆದರೆ ಅಂಗಳವೇ ಉಕ್ಕಿತು. ಅಲ್ಲಿನ ನೆಲದಡಿ ನೀರು ಕುಡಿದು ಕೂತ ಮರಳು. ಭೂಮಿ ಜೋರಾಗಿ ಅಲುಗಿದರೆ ಮರಳಿನ ಕಣಗಳ ಹಿಡಿತ ತಪ್ಪಿ ನೆಲ ಅಂಬಲಿಯ ಹಾಗಾಗುತ್ತದೆ. ನೀರು ಬೂದು ಬಣ್ಣದ ಹೂಳನ್ನು ಹೊತ್ತು ಬಿರುಕುಗಳಿಂದ ಮೇಲೇಳುತ್ತದೆ. ಒಡೆದ ಒಳಚರಂಡಿಯ ಕೊಳಚೆಯೂ ಅದಕ್ಕೆ ಸೇರುತ್ತದೆ. ‘ಲಿಕ್ವಿಫ್ಯಾಕ್ಷನ್’ ಅನ್ನುವ ಉದ್ದ ಪದ ಈ ಊರಿನ ಸಣ್ಣ ಮಕ್ಕಳ ಬಾಯಲ್ಲೂ ಇದೆ.

ಆಗ ಸ್ಯಾಮ್ ಜಾನ್ಸನ್ ಎಂಬ ವಿದ್ಯಾರ್ಥಿ ಫೇಸ್‌ಬುಕ್‌ನಲ್ಲಿ ಹಾಕಿದ ಕರೆಗೆ ಹುಡುಗರು ಸಲಿಕೆ ಹಿಡಿದು ಬಂದರು. ಈ ಸೈನ್ಯ ಹುಟ್ಟಿದ್ದು ಹಾಗೆ. 2011ರ ಫೆಬ್ರವರಿ 22ರ ಮಧ್ಯಾಹ್ನ ಮತ್ತೊಂದು ಭೂಕಂಪ. ತೀವ್ರತೆ ಕಡಿಮೆ, ಆದರೆ ನಗರಕ್ಕೆ ತೀರಾ ಹತ್ತಿರ, ಆಳವೂ ಇಲ್ಲ. 185 ಜನ ಸತ್ತರು. ಈ ಸಲ ಬಂದ ವಿದ್ಯಾರ್ಥಿಗಳು ಸಾವಿರ ಸಾವಿರ. ಸಲಿಕೆ ಎತ್ತುವುದು ಯಾರಿಗೂ ಬರುತ್ತದೆ ಬಿಡಿ. ಯಾವ ಬೀದಿಗೆ ಎಷ್ಟು ಜನ, ಊಟ ಯಾರದು, ಕೈಗವಸು ಎಲ್ಲಿ, ಈ ಲೆಕ್ಕವನ್ನು ಇಪ್ಪತ್ತರ ಆಸುಪಾಸಿನವರು ಮೊಬೈಲ್ ಹಿಡಿದು ನಿಭಾಯಿಸಿದ್ದು ನನಗೆ ದೊಡ್ಡದು.

ಅಜ್ಜಿಯ ಅಂಗಳದ ಹೂಳು ಎರಡು ಸಲ ಹೋಯಿತು. ಜೂನ್ 13ಕ್ಕೆ ನೆಲ ಮತ್ತೆ ನಡುಗಿತು, ಮತ್ತೆ ಹೂಳು, ಮತ್ತೆ ಹುಡುಗರು. ಹತ್ತೇ ದಿನಕ್ಕೆ, ಜೂನ್ 23ರಂದು, ಆ ನೆಲ ಮತ್ತೆ ಮನೆ ಕಟ್ಟಲು ಲಾಯಕ್ಕಲ್ಲ ಎಂದು ಸರ್ಕಾರ ‘ರೆಡ್ ಜೋನ್’ ಘೋಷಿಸಿತು. ಕೊನೆಗೆ ಸುಮಾರು 8,000 ಮನೆಗಳು ಆ ಗೆರೆಯೊಳಗೆ ಬಂದವು. ಸರ್ಕಾರ ಕೊಂಡುಕೊಂಡಿತು, ಕೆಡವಿತು.

“ಹಾಗಾದರೆ ಮೂರು ಸಲ ಬಳಿದದ್ದೆಲ್ಲ ನೀರಲ್ಲಿ ಮಾಡಿದ ಹೋಮ?” ಅಂತ ಕೇಳಿಬಿಟ್ಟೆ. ಎಂಜಿನಿಯರಿಂಗ್ ಓದಿದವನ ಪ್ರಶ್ನೆ. ಅಜ್ಜಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಮೂರನೇ ಸಲ ತಾನು ಬಾಗಿಲು ಕೂಡ ತೆಗೆದಿರಲಿಲ್ಲವಂತೆ, ಸಾಕಾಗಿ ಹೋಗಿತ್ತಂತೆ. ಒಬ್ಬ ಹುಡುಗ ಕೆಸರು ಕಾಲಲ್ಲೇ ಮೆಟ್ಟಿಲ ಮೇಲೆ ಕೂತು, ಮುಚ್ಚಿದ ಬಾಗಿಲಿಗೇ ತನ್ನ ಪರೀಕ್ಷೆಯ ಗೋಳು ಹೇಳಿಕೊಂಡನಂತೆ. ಅರ್ಧ ಗಂಟೆಗೆ ಇವರು ಕೆಟಲ್ ಇಟ್ಟರಂತೆ. ಅವನ ವಿಷಯ ಹೇಳುವಾಗ ಸ್ವಂತ ಮೊಮ್ಮಗನನ್ನು ಬೈದ ಹಾಗೆ ಬೈಯುತ್ತಾರೆ. ಹೂಳಿನ ಸುದ್ದಿ ಮತ್ತೆ ತೆಗೆಯಲಿಲ್ಲ.

2020ರ ಲಾಕ್‌ಡೌನಿನಲ್ಲಿ ಇದೇ ಸೈನ್ಯ ಮನೆಯಿಂದಾಚೆ ಬರಲಾಗದ ಹಿರಿಯರಿಗೆ ದಿನಸಿ ತಲುಪಿಸಿತು. ನಾನು ಚೀಲ ಇಟ್ಟು ಗೇಟಿನಾಚೆ ನಿಂತರೆ ಅಜ್ಜಿ ಕಿಟಕಿಯಿಂದಲೇ ಚಹಾದ ಕಪ್ಪು ಎತ್ತಿ ತೋರಿಸುತ್ತಿದ್ದರು.

ಆಮೇಲೊಂದು ಸೆಪ್ಟೆಂಬರ್‌ನಲ್ಲಿ ಹಳೇ ಮನೆ ತೋರಿಸುತ್ತೇನೆ ಬಾ ಎಂದರು. ಕಾರಿನಲ್ಲಿ ಕರೆದುಕೊಂಡು ಹೋದೆ. ಮನೆ ಎಲ್ಲಿಂದ ಬರಬೇಕು? ಹುಲ್ಲುಗಾವಲು, ಯಾರದೋ ಹಿತ್ತಿಲಿನದಾಗಿದ್ದ ಹಣ್ಣಿನ ಮರ. ಅವರು ಹೆಜ್ಜೆ ಎಣಿಸುತ್ತಾ ಹೋಗಿ, ಇದು ಅಡುಗೆಮನೆ, ಇದು ಮೆಟ್ಟಿಲು ಎಂದು ನಿಂತರು. ಬೇಲಿ ಇದ್ದ ಕಡೆ ಗೆರೆ ಎಳೆದ ಹಾಗೆ ಹಳದಿ ಡ್ಯಾಫೊಡಿಲ್ ಸಾಲು ಅರಳಿತ್ತು. ನಾನು ಅವತ್ತು ಕಿತ್ತಿದ್ದ ಗೆಡ್ಡೆ ಇಲ್ಲಿಂದಲೇ ಒಯ್ದದ್ದು ಅಂತ ಆಗ ಗೊತ್ತಾಯಿತು. ನಾನು ಬಗ್ಗಿದ್ದೇ ತಡ, ಹಿಂದಿನಿಂದ ಅಜ್ಜಿಯ ದನಿ: “ಮುಟ್ಟಬೇಡ, ಕಳೆ ಅಲ್ಲ ಅದು.”