‘ನಂದೇ ತಪ್ಪಿರಬಹುದು’ ಅಂದರೆ ಜನ ಸದರ ಮಾಡಿಕೊಳ್ಳುವುದಿಲ್ಲವೇ?

ಚರ್ಚೆಯ ರೀತಿನೀತಿ ಬಗ್ಗೆ ಏನೇ ಬರೆದರೂ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಇದು: ‘ವಿನಯ ಎಲ್ಲ ಸರಿ ಸ್ವಾಮಿ, ನಾಲ್ಕು ಜನರ ಮುಂದೆ ನಂದೇ ತಪ್ಪಿರಬಹುದು ಅಂದರೆ ಸದರ ಆಗಿಬಿಡ್ತೀವಲ್ಲ?’ ಎಲ್ಲದಕ್ಕೂ ಹಾಗೇ ಅನ್ನುತ್ತಾ ಹೋದರೆ ಖಂಡಿತ ಆಗುತ್ತೀರಿ. ಯಾವುದು ಖಾತ್ರಿ, ಯಾವುದು ಅಂದಾಜು ಎಂದು ಬಿಡಿಸಿ ಹೇಳಿದರೆ ಆಗುವುದಿಲ್ಲ.

ದಾವಣಗೆರೆಯ ಯಾವುದಾದರೂ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ನಿಂತು ‘ಹರಪನಹಳ್ಳಿ ಯಾವ ಜಿಲ್ಲೆ?’ ಅಂತ ಕೇಳಿ. ಒಬ್ಬರು ಬಳ್ಳಾರಿ ಅಂದರೆ ಇನ್ನೊಬ್ಬರು ದಾವಣಗೆರೆ ಅಂತಾರೆ, ಮತ್ತೊಬ್ಬರು ವಿಜಯನಗರ. ಮೂವರೂ ಒಂದೊಂದು ಕಾಲಕ್ಕೆ ಸರಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ತಾಲ್ಲೂಕು ಬಳ್ಳಾರಿಯಿಂದ ಇಲ್ಲಿಗೆ ಬಂತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿ ಕೊಡುವ ಸವಲತ್ತು ನಮಗೂ ಬೇಕೆಂಬ ಹೋರಾಟದ ನಂತರ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರಕ್ಕೆ ಸೇರಿತು. ಇಂಥ ಎಷ್ಟೋ ಜಗಳಕ್ಕೆ ಕಾರಣ, ಕಲಿತದ್ದಕ್ಕೆ ನಾವು ತಾರೀಖು ಹಾಕಿಟ್ಟುಕೊಂಡಿರುವುದಿಲ್ಲ. ‘ನಾನು ಓದುವಾಗ ಬಳ್ಳಾರಿ ಇತ್ತು’ ಅನ್ನಿ. ಮಾತು ಸುಳ್ಳಾಗುವುದಿಲ್ಲ, ಮುಂದಿನದ್ದನ್ನು ಸೇರಿಸಲು ಇನ್ನೊಬ್ಬರಿಗೂ ಜಾಗ ಇರುತ್ತದೆ.

ತಾರೀಖಿನ ಜೊತೆಗೆ ಬೇಕಾದದ್ದು ಆಧಾರ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲೇ ಇದೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ತಗೊಳ್ಳಿ. ‘ಕೋಡಿ ಬಿದ್ದಿದೆ’ ಅನ್ನುವುದು ನೋಡಿ ಬಂದವರ ಮಾತು. ‘ಬಿದ್ದಿದೆಯಂತೆ’ ಅಂದರೆ ಯಾರೋ ಹೇಳಿದ್ದು. ‘ಬಿದ್ದಿರಬೇಕು’ ಅಂದರೆ ಲೆಕ್ಕ ಹಾಕಿದ್ದು: ತುಂಬಿದ ಮಟ್ಟ 130 ಅಡಿ, ನಿನ್ನೆ 129 ಇತ್ತು, ರಾತ್ರಿಯೆಲ್ಲ ಮಳೆ. ‘ಬಿದ್ದಿರಬಹುದು’ ಬರೀ ಅಂದಾಜು. ಮಾತು ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಉದುರುವುದು ಈ ಬಾಲವೇ. ಬೆಳಿಗ್ಗೆ ಹಿರಿಯೂರಿನಲ್ಲಿ ‘ಬಿದ್ದಿದೆಯಂತೆ’ ಇದ್ದದ್ದು ಮಧ್ಯಾಹ್ನ ಚಿತ್ರದುರ್ಗದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಬಿದ್ದಿದೆ’ ಆಗಿರುತ್ತದೆ, ಸಂಜೆಗೆ ಅದಕ್ಕೊಂದು ಹಳೇ ಫೋಟೊ ಅಂಟಿಕೊಂಡಿರುತ್ತದೆ. ಅಂತೆ ಎಂದು ಕೇಳಿದ್ದನ್ನು ಅಂತೆ ಎಂದೇ ದಾಟಿಸಿ. ಅಂತೆಕಂತೆ ಎಂದು ಹೀಗಳೆಯುವವರು ಹೀಗಳೆಯಲಿ, ನನ್ನ ಮಟ್ಟಿಗೆ ಅದು ಭಾಷೆಯ ಅತ್ಯಂತ ಪ್ರಾಮಾಣಿಕ ಪ್ರತ್ಯಯ. ಇದೇ ಜಲಾಶಯ 1933ರಲ್ಲಿ ಒಂದೇ ಸಲ ಕೋಡಿ ಬಿದ್ದದ್ದು ಎಂಬ ಮಾತು 89 ವರ್ಷ ನಿಜವಾಗಿತ್ತು. 2022ರಲ್ಲಿ ಸುಳ್ಳಾಯಿತು, 2025ರ ಜನವರಿಯಲ್ಲಿ ಮತ್ತೊಮ್ಮೆ ಸುಳ್ಳಾಯಿತು. ಈಗಲೂ ಹೇಳುವವರಿದ್ದಾರೆ.

ಇನ್ನು ಎದುರಿನವರ ಮಾತು. ನಮ್ಮ ಶಾಸ್ತ್ರಚರ್ಚೆಗಳಲ್ಲಿ ಪೂರ್ವಪಕ್ಷ ಎಂಬುದೊಂದಿದೆ: ಖಂಡಿಸುವ ಮೊದಲು ಆ ವಾದವನ್ನು ನೀವೇ ಮಂಡಿಸಬೇಕು. ಮನೆಯಲ್ಲಿ ಅದು ಹೇಗಿರುತ್ತದೆ ನೋಡಿ. ಚನ್ನಗಿರಿ ಕಡೆಯ ಒಂದು ಮನೆ ಅಂದುಕೊಳ್ಳಿ. ಮೆಕ್ಕೆಜೋಳ ಬಿಟ್ಟು ಎರಡು ಎಕರೆ ಅಡಿಕೆ ಹಾಕೋಣ ಅಂತಾನೆ ಮಗ, ಬೇಡ ಅಂತಾರೆ ತಂದೆ. ‘ನಿಮಗೆ ಹೊಸದು ಅಂದರೇನೇ ಆಗಲ್ಲ’ ಅಂದರೆ ಮಾತು ಅಲ್ಲಿಗೆ ಮುಗಿಯಿತು. ಅದರ ಬದಲು: ‘ಅಪ್ಪಾಜಿ, ನೀವು ಹೇಳೋದು ಹಿಂಗೆ ಅಲ್ವಾ? ಜೋಳ ನಾಕು ತಿಂಗಳಿಗೆ ದುಡ್ಡು ಕೊಡ್ತತಿ. ಅಡಿಕೆಗೆ ಐದಾರು ವರ್ಷ ಕಾಯ್ಬೇಕು. ಅಷ್ಟರಾಗೆ ಬೋರ್ ಬತ್ತಿದ್ರೆ ಅದೂ ಹೋತು, ಇದೂ ಹೋತು.’ ತಂದೆ ‘ಹ್ಞೂಂ, ಅದನ್ನೇ ಬಡ್ಕೊಳ್ತಿರೋದು’ ಅಂದ ಮೇಲೆ ಮಗ ತನ್ನ ಮಾತು ತೆಗೆಯಬೇಕು, ಅದಕ್ಕೂ ಮುಂಚೆ ಅಲ್ಲ.

ಈಗ ಜಗಳ ಬೋರಿನ ನೀರಿಗೆ ಬಂದು ನಿಂತಿತು. ನೀರನ್ನು ಅಳೆಯಬಹುದು. ಒಂಬತ್ತು ಅಡಿ ಅಂತರದಲ್ಲಿ ಎರಡು ಎಕರೆಗೆ ಸುಮಾರು 1,075 ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಅಂತ ಹಿಡಿದರೆ 21,500 ಲೀಟರ್. ಮೇ ತಿಂಗಳಲ್ಲಿ 200 ಲೀಟರ್ ಡ್ರಮ್ ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000, ಅಂದರೆ ಏಳು ಗಂಟೆಗೂ ಮೇಲೆ ಪಂಪು ಓಡಬೇಕು. ಅಷ್ಟು ಹೊತ್ತು ತ್ರೀ ಫೇಸ್ ಕರೆಂಟ್ ಇರುತ್ತಾ, ಬೋರು ಬಿಡದೆ ಎತ್ತುತ್ತಾ? ಅಪ್ಪ ಮಗ ಇಬ್ಬರೂ ಡ್ರಮ್ಮಿನ ಪಕ್ಕ ಗಡಿಯಾರ ಹಿಡಿದು ನಿಂತರೆ ಉತ್ತರ ಸಿಗುತ್ತದೆ.

ಪೂರ್ವಪಕ್ಷ ಕೆಡುವುದು ಒಗ್ಗರಣೆಯಿಂದ. ‘ಅಂದರೆ ನಾವೆಲ್ಲ ದಡ್ಡರು ಅಂತ ನೀವು ಹೇಳೋದು?’ ಎಂದು ಅವರು ಆಡದ ಒಂದು ಪದ ಸೇರಿಸಿದರೂ ಎದುರಿನವರು ಆ ಪದದ ಹಿಂದೆ ಹೊರಟುಬಿಡುತ್ತಾರೆ.

ಎಲ್ಲರ ಜೊತೆಯೂ ಇಷ್ಟೆಲ್ಲ ಪಡಿಪಾಟಲು ಬೇಕಿಲ್ಲ. ನಮ್ಮ ಹಳೆಯ ತರ್ಕಗ್ರಂಥ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆ ಮಾಡುತ್ತದೆ: ನಿಜ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನದೇನೂ ಇಲ್ಲದೆ ಇನ್ನೊಬ್ಬರದನ್ನು ಬೀಳಿಸಲು ವಿತಂಡ. ಗುರುತಿಸಲು ಒಂದು ಪ್ರಶ್ನೆ ಸಾಕು: ‘ಏನು ತೋರಿಸಿದರೆ ನೀವು ಒಪ್ತೀರಿ?’ ಏನೂ ಇಲ್ಲ ಅಂದರೆ ಟೀ ಕುಡಿದು ಏಳಿ. ಜಾತಿ ಎತ್ತಿ ಹಂಗಿಸಿದರೆ ಟೀಗೂ ಕಾಯಬೇಡಿ. ಆದರೆ ಈ ಪ್ರಶ್ನೆಯನ್ನು ಮೊದಲು ನಿಮಗೇ ಕೇಳಿಕೊಂಡಿರಬೇಕು.

ಹಿರಿಯರನ್ನು ತಿದ್ದುವುದು ಬೇರೆಯದೇ ವಿದ್ಯೆ. ಮದುವೆ ಪಂಕ್ತಿಯಲ್ಲಿ ದೊಡ್ಡಪ್ಪನ ಮುಖದ ಮುಂದೆ ಮೊಬೈಲ್ ಹಿಡಿದರೆ ಮಾಹಿತಿ ಸರಿಯಿದ್ದೂ ನೀವು ಸೋತಿರಿ. ‘ದೊಡ್ಡಪ್ಪ, ನನಗೆ ಬೇರೆ ಥರ ನೆನಪು, ಆಮೇಲೆ ನೋಡೋಣ’ ಅಂದು, ಕೈ ತೊಳೆಯುವಾಗ ತೋರಿಸಿ.

ತಪ್ಪು ನಿಮ್ಮದೇ ಆಗಿದ್ದರೆ ಎಲ್ಲಿ ಹೇಳಿದ್ದಿರೋ ಅಲ್ಲೇ ತಿದ್ದಿ. ಗ್ರೂಪಿನಲ್ಲಿ ಹಾಕಿದ್ದನ್ನು ಸದ್ದಿಲ್ಲದೆ ಅಳಿಸಿದರೆ ಆಗಲೇ ಫಾರ್ವರ್ಡ್ ಆದದ್ದು ವಾಪಸ್ ಬರುವುದಿಲ್ಲ. ಅದೇ ಮೆಸೇಜಿಗೆ ರಿಪ್ಲೈ ಕೊಡಿ: ನಾನು ಹಾಕಿದ್ದು ತಪ್ಪು, ಸರಿಯಾದ್ದು ಇದು, ಗೊತ್ತಾದದ್ದು ಹೀಗೆ. ಇಷ್ಟೇ. ನಾಲ್ಕು ಸಲ ಕ್ಷಮೆ ಕೇಳಿದರೆ ಉಳಿದವರು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಬೀಳುತ್ತಾರೆ, ಸರಿಯಾದ ಮಾಹಿತಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಸದರ ಆಗುವುದು ಗೊತ್ತಿದ್ದದ್ದನ್ನೂ ಗೊತ್ತಿಲ್ಲದವರ ಹಾಗೆ ಹೇಳಿದಾಗ. ‘ನಮಗೇನ್ರೀ ಗೊತ್ತು ಬಿಡಿ’ ಎಂಬುದು ನಮ್ಮ ಕಡೆ ಬಹಳ ಸಲ ಹೊಗಳಿಕೆಗೆ ಹಾಕಿದ ಗಾಳ. ಕಿರಾಣಿ ಅಂಗಡಿಯಲ್ಲಿ 640 ಆಗಿದೆ ಅಂತ ಕೂಡಿ ನೋಡಿದ್ದರೆ ‘640 ಇರಬಹುದೇನೋ’ ಅನ್ನಬೇಡಿ. ‘640 ಆಗ್ತತಿ ಅಣ್ಣ, ಇನ್ನೊಂದ್ಸಲ ಕೂಡಿ’ ಅನ್ನಿ.