ರಸೀದಿ ಮೇಲೆ ಬರೆದ ಆ ಒಂದು ಸಾಲು

ಜಲಾಶಯದ ಹಿನ್ನೀರಿಗೆ ದೊಡ್ಡಪ್ಪನ ಹೊಲಾನೂ ಹೊಲದಲ್ಲಿದ್ದ ಮನೆನೂ ಹೋಗುತ್ತೆ ಅಂತ ಗೊತ್ತಾಗಿ ವರ್ಷಗಳೇ ಆಗಿದ್ವು. ನೋಟಿಫಿಕೇಶನ್ ಆಯ್ತು, ಸರ್ವೆಯವರು ಬಂದು ಅಳೆದು ಹೋದ್ರು, ಪರಿಹಾರ ಎಷ್ಟು ಅಂತ ನಿರ್ಧರಿಸೋ ಐತೀರ್ಪೂ ಆಯ್ತು, ಆಮೇಲೆ ಒಂದಿನ ಪರಿಹಾರದ ಚೆಕ್ ತಗೊಳ್ಳೋಕೆ ಬನ್ನಿ ಅಂತ ಕರೆ ಬಂತು. ನಾನು ರಜೆ ಹಾಕಿ ದೊಡ್ಡಪ್ಪನ ಜೊತೆ ಹೋದೆ, ಅವರ ಹೊಲದಲ್ಲಿ ಇಪ್ಪತ್ತು ವರ್ಷದಿಂದ ಕೂಲಿ ಮಾಡ್ಕೊಂಡು ಬಂದಿದ್ದ ಅಕ್ಕನೂ ಬಂದಿದ್ರು, ಅವರ ಹೆಸರು ಯಾವ ಲಿಸ್ಟಲ್ಲೂ ಇರಲಿಲ್ಲ, ಆದ್ರೂ ಕೇಳಿ ನೋಡೋಣ ಅಂತ ನಾನೇ ಕರ್ಕೊಂಡು ಹೋಗಿದ್ದೆ.

ಹಿಂದಿನ ರಾತ್ರಿ ಐತೀರ್ಪಿನ ಪ್ರತಿ ಓದ್ತಾ ಕೂತಾಗ್ಲೇ ನನಗೆ ಹೊಟ್ಟೆ ಉರಿದುಹೋಗಿತ್ತು. ಜಮೀನು ಖುಷ್ಕಿ, ಅಂದ್ರೆ ಮಳೆ ನಂಬಿದ ಒಣ ಭೂಮಿ ಅಂತ ಹಾಕಿದ್ರು. ನಮ್ಮ ತಾತ ತಾವೇ ನಿಂತು ತೋಡಿಸಿದ ಬಾವಿ ಇದೆ ಅಲ್ಲಿ, ಬೇಸಿಗೇಲೂ ನೀರಿತ್ತು, ಆ ನೀರಲ್ಲೇ ತೋಟ ಬೆಳೆದಿದ್ದು. ಆದ್ರೆ ಪಹಣಿಯಲ್ಲಿ ಬಾವಿ ಎಂಟ್ರಿ ಆಗಿರಲಿಲ್ಲ, ಯಾರೂ ಹೋಗಿ ಮಾಡಿಸಿರಲಿಲ್ಲ, ಹಂಗಾಗಿ ಲೆಕ್ಕದಲ್ಲಿ ಬಾವಿನೇ ಇಲ್ಲ, ಬಾವಿ ಇಲ್ಲ ಅಂದ್ಮೇಲೆ ನೀರಾವರಿ ಜಮೀನಿನ ರೇಟೂ ಇಲ್ಲ. ತೆಂಗಿನ ಮರಗಳನ್ನ ಮಾತ್ರ ಒಂದೂ ಬಿಡದೆ ಎಣಿಸಿದ್ರು. ನೀರಿಲ್ಲದೆ ಅಷ್ಟು ತೆಂಗು ಹೆಂಗೆ ಬಂತು ಅಂತ ಯಾರಿಗೂ ಅನಿಸಿಲ್ವಾ?

2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ, 1894ರ ಹಳೇ ಕಾಯ್ದೆಗಿಂತ ಎಷ್ಟೋ ಮೇಲು. ಹಳೇದ್ರಲ್ಲಿ ಬೆಲೆ ಮೇಲೆ 30 ಪರ್ಸೆಂಟ್ ಸೊಲೇಶಿಯಂ, ಅಂದ್ರೆ ಬಲವಂತವಾಗಿ ಜಮೀನು ತಗೊಳ್ಳೋದಕ್ಕೆ ಕೊಡೋ ಹೆಚ್ಚುವರಿ ಮೊತ್ತ ಇದ್ರೆ ಇದ್ರಲ್ಲಿ 100 ಪರ್ಸೆಂಟ್, ಹಳ್ಳಿ ಜಮೀನಾದ್ರೆ ಮಾರ್ಕೆಟ್ ಬೆಲೆನ 1ರಿಂದ 2ರ ವರೆಗಿನ ಒಂದು ಅಂಕಿಯಿಂದ ಗುಣಿಸ್ತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ಮಾರ್ಕೆಟ್ ಬೆಲೆ ಎಲ್ಲಿಂದ ಬರುತ್ತೆ? ಹೆಚ್ಚಿನ ಸಲ ರಿಜಿಸ್ಟ್ರೇಷನ್‌ಗೆ ಅಂತ ಸರ್ಕಾರ ನಿಗದಿ ಮಾಡೋ ಗೈಡೆನ್ಸ್ ವ್ಯಾಲ್ಯೂನಿಂದ, ಇಲ್ಲಾ ಹಿಂದಿನ ಮೂರು ವರ್ಷ ಸುತ್ತಮುತ್ತ ರಿಜಿಸ್ಟರ್ ಆದ ಕ್ರಯಪತ್ರಗಳಿಂದ, ಸ್ಟ್ಯಾಂಪ್ ಡ್ಯೂಟಿ ಉಳಿಸೋಕೆ ಜನ ಕಮ್ಮಿ ತೋರಿಸಿ ಮಾಡಿಸಿರೋ ಪತ್ರಗಳು ಅವು. ಬುಡದಲ್ಲೇ ಬೆಲೆ ಕಮ್ಮಿ ಹಿಡಿದ್ರೆ ಅದನ್ನ ಎಷ್ಟು ಸಲ ಗುಣಿಸಿದ್ರೂ ಕಮ್ಮಿನೇ ತಾನೆ. ಅದಕ್ಕೇ ಖುಷ್ಕಿ ಅನ್ನೋ ಆ ಒಂದು ಪದ ನನಗೆ ಅಷ್ಟು ಚುಚ್ಚಿದ್ದು.

ಆಫೀಸಲ್ಲಿ ಹನ್ನೊಂದಕ್ಕೆ ನಮ್ಮ ಸರದಿ ಬಂತು. ಗುಮಾಸ್ತರು ರಸೀದಿ ಮುಂದೆ ಇಟ್ಟು ಇಲ್ಲಿ ಸೈನ್ ಹಾಕಿ ಅಂದ್ರು, ದೊಡ್ಡಪ್ಪ ಪೆನ್ ತಗೊಂಡೂ ಬಿಟ್ರು. ನಾನು ಅವರ ಕೈ ಹಿಡ್ಕೊಂಡೆ. "ದೊಡ್ಡಪ್ಪ, ಮೊದ್ಲು ಆಕ್ಷೇಪಣೆ ಇಟ್ಟುಕೊಂಡು ತಗೋತಿದೀನಿ ಅಂತ ಬರೀರಿ, ಆಮೇಲೆ ಸೈನ್ ಹಾಕಿ." ಕಾಯ್ದೆಯ 77ನೇ ಸೆಕ್ಷನ್‌ನಲ್ಲೇ ಇದೆ ಇದು, ಮೊತ್ತ ಸಾಲದು ಅಂತ ಆಕ್ಷೇಪಣೆ ಇಟ್ಟುಕೊಂಡೂ ದುಡ್ಡು ತಗೋಬಹುದು, ಆದ್ರೆ ಆಕ್ಷೇಪಣೆ ಇಲ್ಲದೆ ತಗೊಂಡ್ರೆ 64ನೇ ಸೆಕ್ಷನ್ ಪ್ರಕಾರ ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕೋ ಹಕ್ಕೇ ಹೋಗುತ್ತೆ.

ಹಂಗೆಲ್ಲ ಬರೆಯೋ ಹಾಗಿಲ್ಲ, ಬರೆದ್ರೆ ಚೆಕ್ ಕೊಡಲ್ಲ ಅಂದ್ರು ಗುಮಾಸ್ತರು. ದೊಡ್ಡಪ್ಪನ ಮುಖ ಸಣ್ಣದಾಯ್ತು. "ಬಿಡು ಮಗ, ಹೊಲ ಹೆಂಗೂ ಹೋಯ್ತು, ಇದೂ ಹೋಗೋದು ಬೇಡ" ಅಂದ್ರು. ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು, ಯಾಕಂದ್ರೆ ನಮ್ಮ ಹಿಂದೆ ಸಾಲಲ್ಲಿ ನಿಂತಿದ್ದ ಎಲ್ರೂ ಅದನ್ನೇ ಯೋಚಿಸ್ತಿದ್ರು ಅಂತ ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ನಾನು ಕಾಯ್ದೆಯ ಆ ಪುಟದ ಪ್ರಿಂಟ್ ತಗೊಂಡು ಹೋಗಿದ್ದೆ, ಅದನ್ನ ಹಿಡ್ಕೊಂಡು ಒಳಗಿದ್ದ ಮೇಲಿನ ಅಧಿಕಾರಿಗೆ ತೋರಿಸೋಕೆ ಅಂತ ಎರಡು ಗಂಟೆ ಹೊರಗೆ ಕಾಯ್ಬೇಕಾಯ್ತು. ಅವರು ಓದಿದ್ರು, ಬರ್ಕೊಳ್ಳಲಿ ಬಿಡಿ ಅಂದ್ರು, ಅಷ್ಟೇ, ಒಂದು ನಿಮಿಷದ ಕೆಲಸ. ದೊಡ್ಡಪ್ಪ ಒಂದೊಂದೇ ಅಕ್ಷರ ಕೂಡಿಸಿ ಬರೆದ್ರು. ಅವರಾದ್ಮೇಲೆ ಬಂದ ಇಬ್ಬರು ನಮ್ಮ ರಸೀದಿಯ ಫೋಟೋ ತಗೊಂಡು ಅದೇ ಸಾಲು ಬರೆದ್ರು.

ಅಕ್ಕನ ವಿಷ್ಯ ಅಷ್ಟು ಸುಲಭಕ್ಕೆ ಆಗಲಿಲ್ಲ. ಜಮೀನು ಇಲ್ದಿದ್ರೂ ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಪ್ರದೇಶದಲ್ಲಿ ಕೂಲಿ ಮಾಡಿ ಬದುಕಿದ್ದು, ಆ ಜೀವನೋಪಾಯಕ್ಕೆ ಪೆಟ್ಟು ಬಿದ್ರೆ ಅವರೂ ಬಾಧಿತ ಕುಟುಂಬ ಅಂತ ಕಾಯ್ದೆ ಹೇಳುತ್ತೆ, ಅಂಥ ಕುಟುಂಬಕ್ಕೆ ಕೆಲಸ, ಇಲ್ಲಾ ಒಂದೇ ಸಲ 5 ಲಕ್ಷ, ಇಲ್ಲಾ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ, ಈ ಮೂರರಲ್ಲಿ ಒಂದು ಆರಿಸ್ಕೊಳ್ಳೋ ಅವಕಾಶನೂ ಇದೆ. ಆದ್ರೆ ಇಪ್ಪತ್ತು ವರ್ಷ ಕೂಲಿ ಮಾಡಿದ್ದಕ್ಕೆ ದಾಖಲೆ ಎಲ್ಲಿ ಅಂತ ಕೇಳಿದ್ರು. ಅಕ್ಕ ಏನೂ ಹೇಳದೆ ಎರಡೂ ಕೈ ಟೇಬಲ್ ಮೇಲಿಟ್ರು. ದೊಡ್ಡಪ್ಪ ಅಲ್ಲೇ ಒಂದು ಹಾಳೆ ಕೇಳಿ ಇಸ್ಕೊಂಡು, ಈಕೆ ನಮ್ಮ ಹೊಲದಲ್ಲಿ ದುಡಿದಿದ್ದಾಳೆ ಅಂತ ಬರೆದುಕೊಟ್ರು, ಅಕ್ಕ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ರು, ನಾನು ಸೀಲ್ ಹಾಕಿಸಿ ಸ್ವೀಕೃತಿ ಇಸ್ಕೊಂಡೆ.

ಬಸ್ಸಲ್ಲಿ ವಾಪಸ್ ಬರ್ತಾ ದೊಡ್ಡಪ್ಪ ಚೆಕ್ ತೆಗೆದು ನೋಡ್ಲೇ ಇಲ್ಲ. ಪಂಪ್‌ಸೆಟ್ಟಿನ ಹಳೇ ಕರೆಂಟ್ ಬಿಲ್ಲುಗಳು ಅಟ್ಟದ ಮೇಲಿನ ಟ್ರಂಕಲ್ಲಿ ಇರಬೇಕು ಕಣೋ, ಬಾವಿ ಇತ್ತು ಅನ್ನೋದಕ್ಕೆ ಅದು ಸಾಕ್ಷಿ ಆಗುತ್ತಾ ಅಂತ ಕೇಳಿದ್ರು. ಆಗುತ್ತೆ ಅಂದೆ. ಐತೀರ್ಪಿನ ದಿನ ಅವರು ಹಾಜರಿದ್ರು, ಹಂಗಾಗಿ ಹೆಚ್ಚಿನ ಪರಿಹಾರದ ಅರ್ಜಿಗೆ ಆರೇ ವಾರ ಟೈಮು, ಅದರಲ್ಲಿ ಹತ್ತೊಂಬತ್ತು ದಿನ ಆಗ್ಲೇ ಕಳೆದಿತ್ತು. ಮನೆಗೆ ಬಂದವರೇ ಕೈಕಾಲೂ ತೊಳೀದೆ ಏಣಿ ತಂದು ಅಟ್ಟಕ್ಕೆ ಹಾಕಿದ್ರು.